ರಿಪೋರ್ಟ್‌ಗೆ ಕ್ಯೂಆರ್ ಕೋಡ್ ಸೇರಿಸಿದ ನನ್ನ ಅನುಭವ

ನಮ್ಮ ಇನ್‌ವಾಯ್ಸ್, ಸ್ಟಾಕ್ ಪಟ್ಟಿ, ತಿಂಗಳ ಸ್ಟೇಟ್‌ಮೆಂಟ್ ಎಲ್ಲ ಜಾಸ್ಪರ್‌ರಿಪೋರ್ಟ್ಸ್ ಎಂಬ ರಿಪೋರ್ಟ್ ತಯಾರಿಸುವ ಸಾಫ್ಟ್‌ವೇರ್‌ನಲ್ಲೇ ತಯಾರಾಗುತ್ತವೆ. ಪ್ರಿಂಟ್ ತೆಗೆದ ಮೇಲೆ ಆ ಕಾಗದಕ್ಕೂ ಸಿಸ್ಟಂಗೂ ನಂಟೇ ಇರುತ್ತಿರಲಿಲ್ಲ. ಕೈಯಲ್ಲಿರುವ ಪ್ರತಿ ಹಳೆಯದೋ, ಆಮೇಲೆ ತಿದ್ದಿದ್ದೋ ಅಂತ ಹೇಳುವುದು ಕಷ್ಟ. ಅದಕ್ಕೇ ಕ್ಯೂಆರ್ ಕೋಡ್ ಸೇರಿಸಿದೆ.

ಕೋಡ್ ಹಾಕುವುದು ಸುಲಭ. ಜಾಸ್ಪರ್‌ರಿಪೋರ್ಟ್ಸ್‌ನ ಬಾರ್‌ಕೋಡ್ ಕಾಂಪೊನೆಂಟ್‌ಗಳ ಜೊತೆಗೇ ಕ್ಯೂಆರ್ ಕೂಡ ಇದೆ. ಪುಟದ ಬೇಕಾದ ಬ್ಯಾಂಡ್‌ನಲ್ಲಿ (ಅಡ್ಡಪಟ್ಟಿಯಂಥ ಭಾಗದಲ್ಲಿ) ಇಟ್ಟು, ಮಾಹಿತಿ ಬರುವ ಫೀಲ್ಡ್ ಕೊಟ್ಟರೆ ಆಯಿತು. ಒಳಗೆ ಏನು ತುಂಬಬೇಕು ಅನ್ನುವುದೇ ನಿಜವಾದ ಪ್ರಶ್ನೆ.

ಗ್ರಾಹಕರ ಹೆಸರು, ಮೊತ್ತ, ತಾರೀಖು ಎಲ್ಲ ಕೋಡ್‌ನಲ್ಲೇ ಇರಲಿ ಅಂತ ಕೇಳುವವರು ಇರುತ್ತಾರೆ. ನಾನು ಒಪ್ಪಲಿಲ್ಲ. ಕ್ಯೂಆರ್‌ಗೆ 40 ಗಾತ್ರಗಳಿವೆ. ಅತಿ ಚಿಕ್ಕದರಲ್ಲಿ ಸಾಲಿಗೆ 21 ಚೌಕ, ಅತಿ ದೊಡ್ಡದರಲ್ಲಿ 177. ಮಾಹಿತಿ ಜಾಸ್ತಿಯಾದಷ್ಟೂ ಚೌಕಗಳು ಹೆಚ್ಚುತ್ತವೆ. ಕಾಗದದ ಮೇಲಿನ ಜಾಗ ಮಾತ್ರ ಅಷ್ಟೇ, ಅಲ್ವಾ? ಹಾಗಾಗಿ ಒಂದೊಂದು ಚೌಕವೂ ಸಣ್ಣದಾಗಿ ಫೋನ್ ತಡವರಿಸುತ್ತದೆ. ಕನ್ನಡದ ಹೆಸರು ಹಾಕಿದರಂತೂ ಇನ್ನೂ ಬೇಗ ತುಂಬುತ್ತದೆ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ‘ಕ್ಕಿ’ ಅನ್ನುವ ಒಂದೇ ಅಕ್ಷರಕ್ಕೆ 12 ಬೈಟ್ ಬೇಕು.

ಹಾಗಾಗಿ ಕೋಡ್‌ನಲ್ಲಿ ಒಂದು ಚಿಕ್ಕ ಲಿಂಕ್ ಮಾತ್ರ ಇಟ್ಟೆ. ಅದನ್ನು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಬರೆದೆ. ದೊಡ್ಡಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಿದ್ದರೆ ಕ್ಯೂಆರ್ ಅದನ್ನು ಕಡಿಮೆ ಜಾಗದಲ್ಲಿ ಕೂರಿಸುತ್ತದೆ. ನಮ್ಮ 36 ಅಕ್ಷರದ ಲಿಂಕ್‌ಗೆ ಸಣ್ಣಕ್ಷರದಲ್ಲಾದರೆ ಸಾಲಿಗೆ 29 ಚೌಕ ಬೇಕಿತ್ತು, ದೊಡ್ಡಕ್ಷರದಲ್ಲಿ 25 ಸಾಕಾಯಿತು. ಆ ಚಿಹ್ನೆಗಳಲ್ಲಿ ಓರೆಗೆರೆ ಇದೆ, ಪ್ರಶ್ನಾರ್ಥಕ ಇಲ್ಲ. ಅದಕ್ಕೇ ರಿಪೋರ್ಟ್‌ನ ಗುರುತನ್ನು ಓರೆಗೆರೆಯ ನಂತರ ಸೇರಿಸಿದೆ. ದೊಡ್ಡಕ್ಷರದ ವಿಳಾಸವನ್ನು ನಿಮ್ಮ ಸರ್ವರ್ ಗುರುತಿಸುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಗುರುತಿಗೆ 1, 2, 3 ಅಂತ ಕ್ರಮಸಂಖ್ಯೆ ಬೇಡವೇ ಬೇಡ. ಒಂದು ಇನ್‌ವಾಯ್ಸ್ ಸಿಕ್ಕವರು ಪಕ್ಕದ್ದನ್ನೂ ಊಹಿಸಬಹುದು. ಊಹಿಸಲಾಗದ ಅಕ್ಷರಸಾಲು ಬಳಸಿ, ಲಾಗಿನ್ ಕೂಡ ಕೇಳಿ. ರಿಪೋರ್ಟ್ ತಯಾರಾದ ಕ್ಷಣದ ಅಂಕಿಗಳನ್ನು ಅದೇ ಗುರುತಿನಡಿ ಉಳಿಸಿಡಿ. ಆಗ ಸ್ಕ್ಯಾನ್ ಮಾಡಿದವರಿಗೆ ಕಾಗದದಲ್ಲಿದ್ದದ್ದೂ ಕಾಣುತ್ತದೆ, ಹೊಸ ಪ್ರತಿ ಬಂದಿದ್ದರೆ ಅದೂ ಕಾಣುತ್ತದೆ.

ಎರರ್ ಕರೆಕ್ಷನ್‌ಗೆ, ಅಂದರೆ ಕೋಡ್ ಸ್ವಲ್ಪ ಹಾಳಾದರೂ ಓದಲು ಬರುವ ವ್ಯವಸ್ಥೆಗೆ, ‘ಎಂ’ ಮಟ್ಟ ಇಟ್ಟೆ. ಸುಮಾರು 15% ಹಾಳಾದರೂ ಓದಬಹುದು. ಕಚೇರಿ ಕಾಗದಕ್ಕೆ ಅಷ್ಟು ಸಾಕು. ನಡುವೆ ಲೋಗೋ ಬೇಕೆಂದರೆ 30% ತಡೆಯುವ ‘ಎಚ್’ಗೆ ಹೋಗಬೇಕು, ಚೌಕ ಮತ್ತೆ ಹೆಚ್ಚುತ್ತದೆ. ಲೋಗೋ ಪುಟದ ತಲೆಯಲ್ಲೇ ಇದೆಯಲ್ಲ!

ಸುತ್ತ 4 ಚೌಕದಷ್ಟು ಬಿಳಿ ಅಂಚು ಬಿಡಲೇಬೇಕು. ಟೇಬಲ್‌ನ ಗೆರೆ ಅದರೊಳಗೆ ನುಗ್ಗದಂತೆ ನೋಡಿಕೊಳ್ಳಿ. ಅಂಚು ಸೇರಿ 2 ಸೆಂ.ಮೀ. ಜಾಗ ಕೊಟ್ಟೆ, ಒಂದು ಚೌಕಕ್ಕೆ ಸುಮಾರು 0.6 ಮಿ.ಮೀ. ಬಂತು. ಪಿಡಿಎಫ್‌ಗೆ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ) ಆಗಿಯೇ ಕಳಿಸಿದೆ. ಜೆಪೆಗ್ ಆದರೆ ಚೌಕಗಳ ಅಂಚು ಮಸುಕಾಗುತ್ತದೆ. ಪರೀಕ್ಷೆಗೆ ಇದ್ದುದರಲ್ಲೇ ಹಳೆಯ ಪ್ರಿಂಟರ್ ಆರಿಸಿಕೊಂಡೆ, ಆ ಪ್ರಿಂಟಿನ ಜೆರಾಕ್ಸ್ ಅನ್ನೂ ಸ್ಕ್ಯಾನ್ ಮಾಡಿ ನೋಡಿದೆ.

ಮೈಕ್ರೋಸಾಫ್ಟ್‌ನ ರಿಪೋರ್ಟ್ ಸಾಫ್ಟ್‌ವೇರ್ ಆದ ಎಸ್‌ಎಸ್‌ಆರ್‌ಎಸ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ಕ್ಯೂಆರ್ ತಾನಾಗಿ ಬರುವುದಿಲ್ಲ. ಕೋಡ್‌ನ ಪಿಎನ್‌ಜಿ ಚಿತ್ರವನ್ನು ಮೊದಲೇ ತಯಾರಿಸಿ ಡೇಟಾಬೇಸ್‌ನಲ್ಲಿಟ್ಟು, ಇಮೇಜ್ ಫೀಲ್ಡ್‌ನಂತೆ ತೋರಿಸಬಹುದು. ಬಾಕಿ ಲೆಕ್ಕವೆಲ್ಲ ಅಲ್ಲೂ ಇದೇ.