ಮುಚ್ಚೋದೇ ನಮ್ಮ ಕಸುಬು

ನಮ್ಮೂರು ಕೊಪ್ಪಳ ತಾಲೂಕಿನ ಕಿನ್ನಾಳ. ಬಂದವರೆಲ್ಲ ‘ಗೊಂಬಿ ಮಾಡೋರ ಮನಿ ಯಾವುದ್ರಿ’ ಅಂತ ಕೇಳುತ್ತಾರೆ. ಬರೀ ಗೊಂಬೆ ಮಾಡಿಕೊಂಡಿದ್ದರೆ ಹೊಟ್ಟೆ ತುಂಬುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಚೌತಿಗೆ ಗಣಪ, ಗೌರಿ ಹುಣ್ಣಿಮೆಗೆ ಗೌರಿ, ಜಾತ್ರೆ ಬಂತೆಂದರೆ ಪಲ್ಲಕ್ಕಿಗೆ ಬಣ್ಣ. ಅಂಗಡಿ ಬೋರ್ಡೂ ಬರೆದಿದ್ದೇನೆ, ಅದರಲ್ಲೇನು ನಾಚಿಕೆ.

ನಾನು ಮೊದಲು ಕಲಿತದ್ದು ಉಳಿ ಹಿಡಿಯುವುದಲ್ಲ, ಹುಣಸೆ ಬೀಜ ಅರೆಯುವುದು. ಅರೆದು ಕುದಿಸಿದರೆ ಅಂಟು. ಗೊಂಬೆ ಕೆತ್ತುವ ಪೊಳಕಿ ಕಟ್ಟಿಗೆ ಹಗುರ. ಕೈ, ಕಾಲು, ಕಿರೀಟ ಬೇರೆ ಬೇರೆ ಕೆತ್ತಿ ಈ ಅಂಟಿನಿಂದಲೇ ಕೂಡಿಸುತ್ತೇವೆ. ಸಂದಿಗೆ ಕಿಟ್ಟ ತುಂಬುತ್ತೇವೆ: ಗೋಣಿ ಚಿಂದಿಯ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಅಂಟು ಕಲೆಸಿದ್ದು. ಮೇಲೆ ಅರಿವೆ ತುಂಡು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಸರ, ಡಾಬು, ತೋಳಬಂದಿ ಎಲ್ಲ ಆ ಲೇಪದಲ್ಲೇ ಉಬ್ಬಿಸಬೇಕು. ಒಡವೆಯ ಹೊಳಪಿಗೆ ಲಾಜವರ, ಅಂದರೆ ತವರದ ಪುಡಿ ಅಂಟಿನಲ್ಲಿ ಹಚ್ಚಿ ನುಣುಪುಗಲ್ಲಿನಿಂದ ಉಜ್ಜುವುದು. ನೋಡುವವರಿಗೆ ಕಟ್ಟಿಗೆ ಎಲ್ಲೂ ಕಾಣಬಾರದು.

ಒಂದು ಮಳೆಗಾಲ, ಊರೊಂದರ ದ್ಯಾಮವ್ವನ ಕೆಲಸ. ಹಿರಿಯರಿಗೆ ಅವಸರ, ನನಗೆ ರೊಕ್ಕದ ಆಸೆ. ಕಿಟ್ಟ ಹಸಿ ಇದ್ದಾಗಲೇ ಲೇಪ ಕೊಟ್ಟೆ. ಮೂರೇ ತಿಂಗಳಿಗೆ ದೇವಿಯ ಕೆನ್ನೆ ಸೀಳಿತು. ಅಪ್ಪ ಬೈಯಲಿಲ್ಲ. “ಹೋಗಿ ಕೆರೆದು ಮೊದಲಿಂದ ಮಾಡಿ ಬಾ. ರೊಕ್ಕ ಕೇಳಬ್ಯಾಡ” ಅಂದ, ಅಷ್ಟೇ. ಆ ಊರಿನ ಗುಡಿಯಲ್ಲಿ ಹನ್ನೆರಡು ದಿನ ಕೂತೆ. ಯಾರೂ ಒಂದು ಮಾತು ಆಡಲಿಲ್ಲ, ಅದೇ ದೊಡ್ಡ ಶಿಕ್ಷೆ.

ಸಣ್ಣವನಿದ್ದಾಗ ಅಪ್ಪ ಹಂಪಿಗೆ ಕರೆದೊಯ್ದು ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ತೋರಿಸಿದ್ದ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ. “ನಮ್ಮ ಹಿರ್‍ಯಾರು ಬರೆದದ್ದು” ಅಂದ. ನಮ್ಮ ಮನೆತನಗಳಲ್ಲಿ ಹಾಗೆ ಹೇಳಿಕೊಂಡು ಬಂದಿದ್ದೇವೆ. ನನಗೆ ನೆನಪಿರುವುದು ಕತ್ತು ನೋವು ಮಾತ್ರ.

ತೊಗಲಿಗೆ ಕೈ ಹಾಕಿದ್ದು ನಲವತ್ತು ದಾಟಿದ ಮೇಲೆ. ನಮ್ಮ ಜಿಲ್ಲೆಯಲ್ಲೇ ಮೋರನಾಳ ಇದೆ; ತೊಗಲುಗೊಂಬೆ ಆಡಿಸುವ ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆ ಆಡಿಸುವ ಮನೆತನದ ಗೆಳೆಯನೊಬ್ಬ ಹದ ಮಾಡಿದ ಆಡಿನ ತೊಗಲು ಕೊಟ್ಟ. ನಾನು ಸೀತೆಯನ್ನು ಬರೆದು, ರೂಢಿಯಂತೆ ಮುಖ, ಸೀರೆ ಎಲ್ಲಕ್ಕೂ ದಪ್ಪಗೆ ಬಣ್ಣ ಬಳಿದೆ. ಚೆಂದವೇ ಕಂಡಿತು. ಅವನು ಪರದೆಯ ಹಿಂದೆ ದೀಪ ಹಚ್ಚಿ ಹಿಡಿದ. ಸೀತೆ ಪೂರಾ ಕಪ್ಪು!

“ಮಾವ, ನೀ ಮುಚ್ಚಾಕ ಕಲ್ತಿ. ಇಲ್ಲಿ ಬೆಳಕು ಪಾರಾಗಬೇಕು” ಅಂದ. ನಮ್ಮಲ್ಲಿ ಸರ ಉಬ್ಬಬೇಕು. ಅವರಲ್ಲಿ ಸರವೆಂದರೆ ಸಾಲಾಗಿ ಕೊರೆದ ತೂತು. ಇಪ್ಪತ್ತೈದು ವರ್ಷದ ಕೈ ತಿರುಗಲು ಎರಡು ವರ್ಷ ಹಿಡಿಯಿತು.

ಆ ಸೀತೆ ಈಗ ನಮ್ಮ ಕಿಟಕಿಯಲ್ಲಿ ತೂಗುತ್ತಿದ್ದಾಳೆ. ಬೆಳಗಿನ ಬಿಸಿಲಿಗೆ ಸೀರೆ ಇನ್ನೂ ಕಪ್ಪೇ. ಕೆರೆದು ಎರಡನೇ ಸಲ ತೆಳ್ಳಗೆ ಹಚ್ಚಿದ ಮುಖ ಮಾತ್ರ ಕೆಂಪಗೆ ಕಾಣುತ್ತದೆ.