ಕಾಪರ್-ಟಿ ಹಾಕಿಸುವಾಗ ನೋವು ತಡೆದುಕೊಳ್ಳಲೇಬೇಕಿಲ್ಲ

‘ಸ್ವಲ್ಪ ತಡ್ಕೊಳಮ್ಮ, ಆಗೋಯ್ತು.’ ಕಾಪರ್-ಟಿ, ಅಂದರೆ ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ವಂಕಿ, ಹಾಕಿಸಿಕೊಂಡ ಎಷ್ಟೋ ಹೆಂಗಸರು ಕೇಳಿದ ಮಾತಿದು. ಕೆಲಸವೇನೋ ಕೆಲವೇ ನಿಮಿಷದ್ದು. ಆದರೆ ತಡ್ಕೊಳ್ಳುವುದು ಚಿಕಿತ್ಸೆ ಅಲ್ಲ, ಅಲ್ವಾ?

ನೋವಿನ ಮಾತನ್ನು ಟೇಬಲ್ ಮೇಲೆ ಮಲಗಿದ ಮೇಲೆ ಎತ್ತಬೇಡಿ, ಹಿಂದಿನ ಭೇಟಿಯಲ್ಲೇ ಕೇಳಿ. ಸಾಮಾನ್ಯವಾಗಿ ಮೂರು ಸಲ ನೋವಾಗುತ್ತದೆ: ಗರ್ಭಕೋಶದ ಬಾಯನ್ನು ಇಕ್ಕಳದಲ್ಲಿ ಹಿಡಿದಾಗ, ತೆಳು ಕಡ್ಡಿಯಿಂದ ಒಳಗಿನ ಆಳ ಅಳೆದಾಗ, ಕಾಪರ್-ಟಿ ಒಳಗೆ ಕೂರಿಸಿದಾಗ. ಸಹಜ ಹೆರಿಗೆ ಆದವರಿಗೆ ಸಾಮಾನ್ಯವಾಗಿ ಕಡಿಮೆ. ಇನ್ನೂ ಹೆರಿಗೆ ಆಗದವರಿಗೆ, ಮುಟ್ಟಿನ ನೋವು ಜೋರಾಗಿರುವವರಿಗೆ ಜಾಸ್ತಿ. ಹಿಂದೆ ಒಳಪರೀಕ್ಷೆಯಲ್ಲಿ ಹೆದರಿದ್ದರೆ ಅದನ್ನೂ ಹೇಳಿ.

ಈಗ ಔಷಧದ ವಿಷಯ. ಮುಂಚೆ ನುಂಗುವ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ, ಕಾಪರ್-ಟಿ ಹಾಕುವ ಕ್ಷಣದ ನೋವಿಗೆ ಅಷ್ಟೇನೂ ಸಾಲದು. ಆಮೇಲೆ ಹೊಟ್ಟೆ ಹಿಂಡುವುದಕ್ಕೆ ಮಾತ್ರ ಒಳ್ಳೆಯದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು ಡಾಕ್ಟರನ್ನು ಕೇಳದೆ ನುಂಗಬಾರದು. ಹಾಕುವ ಹೊತ್ತಿಗೆ ಬೇಕಾದದ್ದು ಮರಗಟ್ಟಿಸುವ ಲಿಗ್ನೊಕೇನ್. ಇದನ್ನು ಗರ್ಭಕೋಶದ ಬಾಯಿಯ ಸುತ್ತ ಇಂಜೆಕ್ಷನ್ ಆಗಿ ಕೊಡಬಹುದು, ಇಲ್ಲವೇ ಮೇಲೆಯೇ ಸ್ಪ್ರೇ ಮಾಡಬಹುದು, ಹಚ್ಚಬಹುದು. ಇದರಿಂದ ನೋವು ತಗ್ಗಬಹುದು ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೂಡ 2024ರ ಸಲಹೆಯಲ್ಲಿ ಹೇಳಿದೆ. ಇಂಜೆಕ್ಷನ್ ಚುಚ್ಚುವಾಗ ನೋಯುತ್ತದೆ, ಅದು ಬೇರೆ ಮಾತು. ಎಲ್ಲ ಆಸ್ಪತ್ರೆಗಳಲ್ಲೂ ಈ ಸೌಲಭ್ಯ ಇರುವುದಿಲ್ಲ. ‘ಇಲ್ಲಿ ಕೊಡ್ತೀರಾ, ಇಲ್ಲದಿದ್ರೆ ಎಲ್ಲಿ ಸಿಗುತ್ತೆ?’ ಎಂದು ಸಂಕೋಚವಿಲ್ಲದೆ ಕೇಳಿ. ಗರ್ಭಕೋಶದ ಬಾಯಿ ಸಡಿಲಿಸಲು ಮಿಸೊಪ್ರೊಸ್ಟಾಲ್ ಮಾತ್ರೆ ಎಲ್ಲರಿಗೂ ಬೇಕಿಲ್ಲ. ಅದರಿಂದಲೇ ಹೊಟ್ಟೆ ಹಿಂಡುವುದುಂಟು.

ಆ ದಿನ ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ. ಪ್ರತಿ ಹಂತಕ್ಕೂ ಮುಂಚೆ ಹೇಳಿ ಮಾಡುವಂತೆ, ‘ನಿಲ್ಲಿಸಿ’ ಎಂದರೆ ನಿಲ್ಲಿಸುವಂತೆ ಮೊದಲೇ ಮಾತಾಡಿಕೊಳ್ಳಿ. ಉಸಿರು ಬಿಗಿಹಿಡಿಯಬೇಡಿ, ನಿಧಾನವಾಗಿ ಬಿಡಿ.

ಮುಗಿದ ಕೂಡಲೇ ಎದ್ದು ನಿಲ್ಲಬಾರದು. ಕೆಲವರಿಗೆ ಬೆವರಿ, ತಲೆಸುತ್ತು ಬರುತ್ತದೆ. ಸುಮ್ನೆ ಹತ್ತು ನಿಮಿಷ ಮಲಗಿರಿ. ಜೊತೆಗೆ ಒಬ್ಬರಿದ್ದರೆ ಮನೆಗೆ ಹೋಗುವುದು ಸಲೀಸು. ಮನೆಯಲ್ಲಿ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಕೆಲವು ದಿನ ಸಣ್ಣಗೆ ಹಿಂಡುವುದು, ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿಯಾಗುವುದು ಸಾಮಾನ್ಯ.

ನೋವು ದಿನೇ ದಿನೇ ಏರುತ್ತಿದ್ದರೆ, ಜ್ವರ ಬಂದರೆ, ವಾಸನೆಯ ಸ್ರಾವ ಕಂಡರೆ, ಕಾಪರ್-ಟಿಯಿಂದ ಯೋನಿಯೊಳಗೆ ಇಳಿದಿರುವ ದಾರ ಬೆರಳಿಗೆ ಸಿಗದಿದ್ದರೆ ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ ಆಸ್ಪತ್ರೆಗೆ ಹೋಗಿ.