ಸಿ ಭಾಷೆಯಲ್ಲಿ ‘ಕ’ ಹುಡುಕಿದ ಬಗೆ

ಕನ್ನಡ ಪದಪಟ್ಟಿಯೊಂದರಿಂದ ಬೇಕಾದ ಅಕ್ಷರವಿರುವ ಪದಗಳನ್ನಷ್ಟೇ ಹೆಕ್ಕಿ ಕೊಡುವ ಪ್ರೋಗ್ರಾಮ್ ನನಗೆ ಬೇಕಿತ್ತು. ಕಡತದ ಸಾಲುಗಳೆಲ್ಲ ಒಂದೇ ಅಚ್ಚಿನವು: ಪದ, ‘=’ ಚಿಹ್ನೆ, ಅರ್ಥ.

ಮೊದಲು ‘=’ ಎಲ್ಲಿದೆಯೆಂದು ತಿಳಿಯಬೇಕು. ಲೂಪ್ ಹಾಕಿ, ಸ್ಟ್ರಿಂಗಿನ (ಅಕ್ಷರಗಳ ಸಾಲಿನ) ಕೊನೆಯನ್ನು ಸೂಚಿಸುವ ಶೂನ್ಯ ಬೈಟ್ ಬರುವವರೆಗೆ ಒಂದೊಂದನ್ನೇ ಹೋಲಿಸಬಹುದು. ಕಲಿಯುವವರು ಒಮ್ಮೆಯಾದರೂ ಹಾಗೆ ಬರೆಯಲೇಬೇಕು. ನಾನು ಬಳಸಿದ್ದು ಲೈಬ್ರರಿಯ ಫಂಕ್ಷನ್ ಸ್ಟ್ರ್‌ಚರ್. ಅದು ಸಿಕ್ಕ ಜಾಗದ ಪಾಯಿಂಟರ್ (ಮೆಮೊರಿಯ ವಿಳಾಸ) ಕೊಡುತ್ತದೆ, ಸಿಗದಿದ್ದರೆ ನಲ್ (ಎಲ್ಲಿಗೂ ತೋರದ ಪಾಯಿಂಟರ್). ಎಷ್ಟನೆಯ ಸ್ಥಾನವೆಂದು ಬೇಕಿದ್ದರೆ ಆ ಪಾಯಿಂಟರಿನಿಂದ ಸ್ಟ್ರಿಂಗಿನ ಆರಂಭವನ್ನು ಕಳೆಯಬೇಕು, ಅದೂ ನಲ್ ಅಲ್ಲವೆಂದು ನೋಡಿಕೊಂಡ ಮೇಲೆ. ‘=’ ಇದ್ದಲ್ಲಿ ಶೂನ್ಯ ಬರೆದೆ; ಸಾಲು ಎರಡು ಸ್ಟ್ರಿಂಗ್ ಆಯಿತು, ನಕಲು ಮಾಡುವ ರಗಳೆಯೇ ಇಲ್ಲ.

‘ಕ’ ವಿಷಯದಲ್ಲಿ ಇದು ನಡೆಯುವುದಿಲ್ಲ. ಸ್ಟ್ರ್‌ಚರ್ ಹುಡುಕುವುದು ಒಂದೇ ಒಂದು ಬೈಟನ್ನು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕ’ ಎಂದರೆ ಹದಿನಾರರ ಲೆಕ್ಕದ ಹೆಕ್ಸ್‌ನಲ್ಲಿ ಇ0 ಬಿ2 95. ‘ಕನ್ನಡ’ ಪದದ ಉದ್ದ, ಬೈಟ್ ಎಣಿಸುವ ಸ್ಟ್ರ್‌ಲೆನ್ ಲೆಕ್ಕದಲ್ಲಿ 15, ಏಕೆಂದರೆ ಒತ್ತನ್ನು ಜೋಡಿಸುವ ವಿರಾಮಕ್ಕೂ (ಅರ್ಧಾಕ್ಷರದ ‘್’ ಗುರುತಿಗೂ) ಮೂರು ಬೈಟ್ ಬೇಕು. ಆದ್ದರಿಂದ ‘ಕ’ವನ್ನು ಜೋಡಿ ಉದ್ಧರಣದೊಳಗೆ ಸ್ಟ್ರಿಂಗ್ ಆಗಿ ಬರೆದು, ಸ್ಟ್ರಿಂಗಿನೊಳಗೆ ಸ್ಟ್ರಿಂಗ್ ಹುಡುಕುವ ಸ್ಟ್ರ್‌ಸ್ಟ್ರ್‌ಗೆ ಕೊಟ್ಟೆ. ಯುಟಿಎಫ್-8ರಲ್ಲಿ ಮೊದಲ ಬೈಟ್ ಬೇರೆ ಜಾತಿ, ಹಿಂಬಾಲಿಸುವ ಬೈಟ್‌ಗಳು ಬೇರೆ ಜಾತಿ. ಹಾಗಾಗಿ ಎರಡು ಅಕ್ಷರಗಳ ಚೂರುಗಳು ಸೇರಿ ‘ಕ’ದಂತೆ ಕಾಣುವ ಭಯವಿಲ್ಲ.

ಆದರೂ ‘ಕಿವಿ’, ‘ಕುದುರೆ’ ಎಲ್ಲವೂ ಬಂದು ನಿಲ್ಲುತ್ತವೆ. ‘ಕಿ’ ಎಂಬುದು ‘ಕ’ದ ಬೆನ್ನಿಗೆ ಗುಣಿತದ ಚಿಹ್ನೆ ಅಂಟಿದ್ದು, ಅಷ್ಟೆ. ನನಗೆ ಬೇಕಿದ್ದದ್ದು ಅಕಾರದ ‘ಕ’ ಮಾತ್ರ. ಸಿಕ್ಕ ಜಾಗದ ಮುಂದಿನ ಮೂರು ಬೈಟ್ ನೋಡಿದೆ: ಇ0 ಬಿ2 ಬಿಇ ಇಂದ ಇ0 ಬಿ3 8ಡಿವರೆಗಿನ ವ್ಯಾಪ್ತಿಯಲ್ಲಿದ್ದರೆ ಅದು ಗುಣಿತ ಅಥವಾ ವಿರಾಮ; ಬಿಟ್ಟು, ಮೂರು ಬೈಟ್ ದಾಟಿ ಮತ್ತೆ ಹುಡುಕು. ಹೋಲಿಕೆಗೆ, ಹೇಳಿದಷ್ಟು ಬೈಟ್‌ಗಳನ್ನಷ್ಟೇ ಹೋಲಿಸುವ ಸ್ಟ್ರ್‌ಎನ್‌ಸಿಎಂಪಿಯೇ ಸರಿ. ಅದು ಶೂನ್ಯ ಕಂಡಲ್ಲಿ ನಿಲ್ಲುತ್ತದೆ, ಬೈಟ್‌ಗಳನ್ನು ಚಿಹ್ನೆರಹಿತವಾಗಿ (ಋಣ ಬೆಲೆಯಿಲ್ಲದೆ) ಓದುತ್ತದೆ. ಚಾರ್ (ಸಿ ಭಾಷೆಯಲ್ಲಿ ಒಂದು ಬೈಟ್‌ನ ವಿಧ) ಬೆಲೆಗಳನ್ನು ನೇರವಾಗಿ ಹೋಲಿಸಹೊರಟರೆ ಅನೇಕ ಯಂತ್ರಗಳಲ್ಲಿ ಇ0 ಎಂಬುದು ಮೈನಸ್ 32 ಆಗಿ ಕೂರುತ್ತದೆ.

‘ಅಕ್ಕ’ದಲ್ಲಿ ಮೊದಲ ‘ಕ’ ಬಿದ್ದುಹೋಗುತ್ತದೆ, ಒತ್ತಾಗಿ ಬಂದ ಎರಡನೆಯದು ಉಳಿಯುತ್ತದೆ. ಒತ್ತೂ ಬೇಡವೆನ್ನುವವರು ಹಿಂದಿನ ಮೂರು ಬೈಟ್ ವಿರಾಮವೇ ಎಂದು ನೋಡಿದರಾಯಿತು. ನಾನು ‘ಅಕ್ಕ’ನನ್ನು ಇಟ್ಟುಕೊಂಡೆ.